ಮಗಳ ಮದುವೆ ಮೊದಲೋ, ಅಪ್ಪನ ಪ್ರಮಾಣವಚನ ಮೊದಲೋ?

ಒಂದು ಮನೆ ಊಹಿಸಿಕೊಳ್ಳಿ. ದಾವಣಗೆರೆಯ ಮನೆಗೆ ಬೀಗ ಹಾಕಿ ಅಪ್ಪ ಅಮ್ಮ 2019ರ ಜೂನ್‌ನಲ್ಲಿ ಅಮೆರಿಕಕ್ಕೆ ಹೊರಟರು. ಅಲ್ಲಿರುವ ಚಿಕ್ಕಪ್ಪ 2004ರಲ್ಲಿ ಅಣ್ಣನಿಗಾಗಿ ಹಾಕಿದ್ದ ಅರ್ಜಿ ಹದಿನೈದು ವರ್ಷದ ಮೇಲೆ ಕೈಗೂಡಿತ್ತು. ಅರ್ಜಿ ಹಾಕಿದಾಗ ನಾಲ್ಕನೇ ಕ್ಲಾಸಿನಲ್ಲಿದ್ದ ಮಗಳಿಗೆ ಅಷ್ಟೊತ್ತಿಗೆ 24 ವರ್ಷ. ವಯಸ್ಸು ಮೀರಿದೆ ಎಂದು ಅವಳಿಗೆ ವೀಸಾ ಸಿಗಲಿಲ್ಲ. ಅವಳು ಬೆಂಗಳೂರಿನ ಪಿಜಿಯಲ್ಲೇ ಉಳಿದಳು. ಗ್ರೀನ್ ಕಾರ್ಡ್, ಅಂದರೆ ಅಮೆರಿಕದಲ್ಲಿ ಕಾಯಂ ಆಗಿ ನೆಲೆಸಲು ಅನುಮತಿಯ ಕಾರ್ಡ್, ಕೈಗೆ ಬಂದ ಮೇಲೆ, ಆಗಸ್ಟ್‌ನಲ್ಲಿ, ಅಪ್ಪ ಅವಳ ಹೆಸರಲ್ಲಿ ಬೇರೆ ಅರ್ಜಿ ಹಾಕಿದರು.

ಈಗ 2025. ಮಗಳಿಗೆ 30 ವರ್ಷ. ಒಳ್ಳೆಯ ಸಂಬಂಧ ಬಂದಿದೆ, ಎರಡೂ ಕಡೆ ಒಪ್ಪಿಗೆ. ಮಾರ್ಚ್ 9 ಭಾನುವಾರ, ಮುಹೂರ್ತವೂ ಇದೆ, ಛತ್ರವೂ ಖಾಲಿ ಇದೆ. ಅತ್ತ ಅಪ್ಪನಿಗೆ ಅಮೆರಿಕದ ಸಿಟಿಜನ್‌ಶಿಪ್ ಇಂಟರ್‌ವ್ಯೂ ಮುಗಿದು, ಪ್ರಮಾಣವಚನಕ್ಕೆ ಮಾರ್ಚ್ 20ರ ತಾರೀಖು ಸಿಕ್ಕಿದೆ. ನಡುವೆ ಹನ್ನೊಂದು ದಿನ. ಮದುವೆ 9ಕ್ಕೇ ನಡೆದರೆ ಮಗಳ ಅರ್ಜಿ ಆ ದಿನವೇ ಸತ್ತುಹೋಗುತ್ತದೆ, ಐದೂವರೆ ವರ್ಷದ ಕಾಯುವಿಕೆ ಲೆಕ್ಕಕ್ಕಿಲ್ಲ. ಯುಗಾದಿ ಕಳೆದ ಮೇಲೆ ನಡೆದರೆ ಅರ್ಜಿ ಬದುಕಿರುತ್ತದೆ.

ಹುಡುಗಿ ಅವಳೇ, ಹುಡುಗ ಅವನೇ, ಕಾಗದಗಳೂ ಅವೇ. ಬದಲಾಗುವುದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಮಾತ್ರ. ಅದು ಯಾಕೆ ಹೀಗೆ ಅಂತ ಬುಡದಿಂದ ನೋಡೋಣ.

## ಟೋಕನ್ ಮತ್ತು ಸಾಲು

ಕುಟುಂಬದವರ ಮೂಲಕ ಗ್ರೀನ್ ಕಾರ್ಡ್ ಪಡೆಯುವ ಕೆಲಸ ಶುರುವಾಗುವುದು ಐ-130 ಎಂಬ ಅರ್ಜಿಯಿಂದ. ಜನ ಇದನ್ನೇ ಪಿಟಿಷನ್ ಅನ್ನುವುದು. ಇದನ್ನು ಹಾಕುವವರು ಅಮೆರಿಕದ ಸಿಟಿಜನ್ ಆಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರುವವರಾಗಿರಬೇಕು. ಅಲ್ಲಿನ ವಲಸೆ ಇಲಾಖೆ, ಅಂದರೆ ಯುಎಸ್‌ಸಿಐಎಸ್, ಇದನ್ನು ಪರಿಶೀಲಿಸುತ್ತದೆ. "ಇವಳು ನನ್ನ ಮಗಳು", "ಇವನು ನನ್ನ ತಮ್ಮ" ಎಂದು ಸಂಬಂಧ ಸಾಬೀತು ಮಾಡುವುದಷ್ಟೇ ಈ ಅರ್ಜಿಯ ಕೆಲಸ. ಅದು ಮಂಜೂರಾದರೆ ವೀಸಾ ಬಂದಂತಲ್ಲ. ಎಷ್ಟೋ ಮನೆಗಳಲ್ಲಿ "ಅಪ್ರೂವ್ ಆಗಿದೆ" ಅನ್ನುವ ಪತ್ರ ಬಂದ ದಿನವೇ ಸ್ವೀಟ್ ಹಂಚಿರುತ್ತಾರೆ. ಅಸಲಿ ಕಾಯುವಿಕೆ ಆಮೇಲೆ.

ಯಾಕೆ ಕಾಯಬೇಕು? ದೊಡ್ಡ ದೇವಸ್ಥಾನದ ದರ್ಶನದ ಸಾಲು ನೆನಪಿಸಿಕೊಳ್ಳಿ. ಒಂದೇ ಸಾಲಲ್ಲ, ನಾಲ್ಕೈದು. ಕೈಗೆ ಟೋಕನ್ ಕೊಟ್ಟಿರುತ್ತಾರೆ. ಪ್ರತಿ ಸಾಲಿನಿಂದಲೂ ದಿನಕ್ಕೆ ಇಷ್ಟೇ ಜನ ಎಂದು ಲೆಕ್ಕ. ಅಮೆರಿಕದ ಕುಟುಂಬ ವೀಸಾಗಳೂ ಹೀಗೆಯೇ. ವರ್ಷಕ್ಕೆ ಸುಮಾರು 2,26,000 ವೀಸಾ, ಅದನ್ನು ಸಾಲುಗಳಿಗೆ ಹಂಚಿದ್ದಾರೆ. ಒಂದೇ ದೇಶದವರಿಗೆ ಒಟ್ಟು ವೀಸಾಗಳಲ್ಲಿ ಶೇ 7ಕ್ಕಿಂತ ಜಾಸ್ತಿ ಸಿಗಬಾರದು ಅನ್ನುವ ಮಿತಿ ಬೇರೆ. ನಿಮ್ಮ ಅರ್ಜಿ ಇಲಾಖೆಗೆ ಸಲ್ಲಿಕೆಯಾದ ದಿನವೇ ನಿಮ್ಮ ಟೋಕನ್ ನಂಬರ್. ಅದಕ್ಕೆ ಪ್ರಯಾರಿಟಿ ಡೇಟ್ ಎಂದು ಹೆಸರು. ಯಾವ ಸಾಲು ಯಾವ ತಾರೀಖಿನವರೆಗೆ ಬಂದಿದೆ ಎಂದು ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ವೀಸಾ ಬುಲೆಟಿನ್‌ನಲ್ಲಿ ಹಾಕುತ್ತದೆ.

ಸಾಲಿನಲ್ಲಿ ನಿಲ್ಲಬೇಕಿಲ್ಲದವರೂ ಇದ್ದಾರೆ. ಸಿಟಿಜನ್ ಆದವರ ಗಂಡ ಅಥವಾ ಹೆಂಡತಿ, 21 ತುಂಬದ ಮದುವೆಯಾಗದ ಮಕ್ಕಳು, ಮತ್ತು 21 ತುಂಬಿದ ಸಿಟಿಜನ್‌ಗಳ ಅಪ್ಪ ಅಮ್ಮ. ಇವರಿಗೆ ವೀಸಾ ಸಂಖ್ಯೆಯ ಮಿತಿ ಇಲ್ಲ. ಕಾಗದಪತ್ರದ ಪರಿಶೀಲನೆಗೆ ಹಿಡಿಯುವಷ್ಟು ಸಮಯ ಮಾತ್ರ.

ಉಳಿದವರಿಗೆ ಸಾಲುಗಳು. ಸಿಟಿಜನ್‌ಗಳ 21 ದಾಟಿದ, ಮದುವೆಯಾಗದ ಮಕ್ಕಳದ್ದು ಎಫ್1. ಗ್ರೀನ್ ಕಾರ್ಡ್ ಇರುವವರ ಗಂಡ, ಹೆಂಡತಿ ಮತ್ತು 21 ತುಂಬದ, ಮದುವೆಯಾಗದ ಮಕ್ಕಳದ್ದು ಎಫ್2ಎ. ಗ್ರೀನ್ ಕಾರ್ಡ್ ಇರುವವರ 21 ದಾಟಿದ, ಮದುವೆಯಾಗದ ಮಕ್ಕಳದ್ದು ಎಫ್2ಬಿ. ಸಿಟಿಜನ್‌ಗಳ ಮದುವೆಯಾದ ಮಕ್ಕಳದ್ದು ಎಫ್3. ಸಿಟಿಜನ್‌ಗಳ ಅಣ್ಣ, ತಮ್ಮ, ಅಕ್ಕ, ತಂಗಿಯರದ್ದು ಎಫ್4.

ಇನ್ನೊಮ್ಮೆ ಓದಿ, ಒಂದು ಜಾಗ ಖಾಲಿ ಇರುವುದು ಕಾಣುತ್ತದೆ. ಗ್ರೀನ್ ಕಾರ್ಡ್ ಇರುವವರ *ಮದುವೆಯಾದ* ಮಕ್ಕಳಿಗೆ ಯಾವ ಸಾಲೂ ಇಲ್ಲ. ಕಾನೂನು ಅವರಿಗೆ ಜಾಗವನ್ನೇ ಇಟ್ಟಿಲ್ಲ. ದಾವಣಗೆರೆಯ ಮನೆಯ ತಾಪತ್ರಯ ಹುಟ್ಟುವುದೇ ಈ ಖಾಲಿ ಜಾಗದಲ್ಲಿ.

## 'ಮಗು' ಅಂದರೆ ಯಾರು?

ನಮಗೆ ಮಕ್ಕಳು ಯಾವತ್ತಿದ್ದರೂ ಮಕ್ಕಳೇ. ಅಮೆರಿಕದ ವಲಸೆ ಕಾನೂನಿಗೆ ಹಾಗಲ್ಲ. ಅಲ್ಲಿ 'ಮಗು' ಅನ್ನಿಸಿಕೊಳ್ಳಬೇಕಾದರೆ ಎರಡು ಷರತ್ತು ಒಟ್ಟಿಗೆ ಇರಬೇಕು: 21 ತುಂಬಿರಬಾರದು, ಮದುವೆ ಆಗಿರಬಾರದು. 19ರ ಹುಡುಗಿಗೆ ಮದುವೆಯಾದರೆ ಕಾನೂನಿನ ಕಣ್ಣಲ್ಲಿ ಅವಳು ಮಗುವಲ್ಲ.

ವಯಸ್ಸಿನ ವಿಷಯದಲ್ಲಿ ಸ್ವಲ್ಪ ರಿಯಾಯಿತಿ ಇದೆ. 2002ರಲ್ಲಿ ಬಂದ ಒಂದು ಕಾಯ್ದೆ, ಅರ್ಜಿ ಇಲಾಖೆಯಲ್ಲಿ ಪರಿಶೀಲನೆಗೆಂದು ಕೂತಿದ್ದ ದಿನಗಳನ್ನು ವಯಸ್ಸಿನಿಂದ ಕಳೆಯಲು ಬಿಡುತ್ತದೆ. ಸರದಿ ಬಂದ ದಿನ ಹುಡುಗನಿಗೆ 21 ವರ್ಷ 8 ತಿಂಗಳು, ಅರ್ಜಿ ಮಂಜೂರಾಗಲು 14 ತಿಂಗಳು ಹಿಡಿದಿತ್ತು ಅಂದುಕೊಳ್ಳಿ. ಕಳೆದರೆ 20 ವರ್ಷ 6 ತಿಂಗಳು. ಅವನಿನ್ನೂ 'ಮಗು'. ಆದರೆ ಸರದಿ ಬಂದ ಒಂದು ವರ್ಷದೊಳಗೆ ಮುಂದಿನ ಹೆಜ್ಜೆ ಇಡಬೇಕು.

ನಮ್ಮ ಕಥೆಯ ಮಗಳಿಗೆ ಈ ಕಳೆಯುವ ಲೆಕ್ಕ ಹಾಕಿದ ಮೇಲೂ 21 ದಾಟಿತ್ತು, ಅದಕ್ಕೇ ಅವಳು ಹಿಂದೆ ಉಳಿದಳು. ಚಿಕ್ಕಪ್ಪನ 2004ರ ತಾರೀಖನ್ನಾದರೂ ಅವಳಿಗೆ ಕೊಡಬಹುದಿತ್ತಲ್ಲ ಎಂದು ಕೇಳಬಹುದು. ಇದೇ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. 2014ರಲ್ಲಿ ಕೋರ್ಟು ಇಂಥ ಮಕ್ಕಳಿಗೆ ಹಳೇ ತಾರೀಖು ಸಿಗುವುದಿಲ್ಲ ಎಂಬ ಇಲಾಖೆಯ ನಿಲುವನ್ನು ಎತ್ತಿಹಿಡಿಯಿತು.

ವಯಸ್ಸಿಗೆ ರಿಯಾಯಿತಿ ಇದೆ, ಮದುವೆಗೆ ಇಲ್ಲ. ಆ ದಿನವನ್ನು ಯಾವ ಲೆಕ್ಕದಿಂದಲೂ ಹಿಂದೆ ತಳ್ಳಲು ಬರುವುದಿಲ್ಲ.

## ಗ್ರೀನ್ ಕಾರ್ಡ್ ಅಪ್ಪ, ಮದುವೆಯಾದ ಮಗಳು

ದಾವಣಗೆರೆಗೆ ವಾಪಸ್ ಬರೋಣ. ಮಗಳು ನಿಂತಿರುವುದು ಎಫ್2ಬಿ ಸಾಲಿನಲ್ಲಿ, ಟೋಕನ್ 2019ರ ಆಗಸ್ಟ್‌ದು. ಅಪ್ಪ ಇನ್ನೂ ಗ್ರೀನ್ ಕಾರ್ಡ್‌ನಲ್ಲೇ ಇದ್ದಾರೆ. ಮಾರ್ಚ್ 9ಕ್ಕೆ ಮದುವೆ ನಡೆಯಿತು ಅಂದುಕೊಳ್ಳಿ.

ಮಾಂಗಲ್ಯಧಾರಣೆ ಆದ ದಿನದಿಂದ ಆ ಅರ್ಜಿ ರದ್ದು. ಯಾರೂ ಪತ್ರ ಬರೆಯಬೇಕಿಲ್ಲ, ಅಧಿಕಾರಿ ಸಹಿ ಹಾಕಬೇಕಿಲ್ಲ. ಕಾನೂನೇ ತಂತಾನೇ ರದ್ದು ಮಾಡುತ್ತದೆ. ಇಲಾಖೆಗೆ ಗೊತ್ತಾಗದೇ ಇರಬಹುದು, ಕಂಪ್ಯೂಟರ್‌ನಲ್ಲಿ 'ಅಪ್ರೂವ್ಡ್' ಎಂದೇ ತೋರಿಸುತ್ತಿರಬಹುದು. ಅದನ್ನು ನೋಡಿಕೊಂಡು ಸುಮ್ನೆ ಕಾಯುತ್ತಾ ಕೂತವರಿಗೆ ವಿಷಯ ತಿಳಿಯುವುದು ವೀಸಾ ಇಂಟರ್‌ವ್ಯೂ ಹೊತ್ತಿಗೆ.

ಹನ್ನೊಂದು ದಿನ ಕಳೆದು ಅಪ್ಪ ಸಿಟಿಜನ್ ಆದರು. ಸತ್ತ ಅರ್ಜಿಗೆ ಜೀವ ಬರುವುದಿಲ್ಲ. ಅವರು ಮಗಳಿಗೆ ಎಫ್3 ಸಾಲಿನಲ್ಲಿ ಹೊಸ ಅರ್ಜಿ ಹಾಕಬಹುದು, ಆದರೆ ಟೋಕನ್ 2025ರದ್ದು. ಹೊಸ ಶುಲ್ಕವೂ ಕಟ್ಟಬೇಕು. 2024ರ ಏಪ್ರಿಲ್‌ನಿಂದ ಆನ್‌ಲೈನ್‌ಗೆ 625 ಡಾಲರ್, ಕಾಗದದಲ್ಲಾದರೆ 675 ಡಾಲರ್. ದುಡ್ಡಿಗಿಂತ ನೋವಾಗುವುದು ಹೋದ ವರ್ಷಗಳಿಗೆ.

"ಹೋಗಲಿ, ಮುಂದೆ ಯಾವತ್ತೋ ಡೈವೋರ್ಸ್ ಆದರೆ?" ಅದರಿಂದಲೂ ಹಳೇ ಟೋಕನ್ ಮರಳುವುದಿಲ್ಲ. ಗಂಡ ತೀರಿಕೊಂಡರೂ ಅಷ್ಟೇ. ಮತ್ತೆ ಮೊದಲಿಂದ.

## ಪ್ರಮಾಣವಚನದ ದಿನ

ಇನ್ನೊಂದು ದಾರಿ ನೋಡಿ. ಮಾರ್ಚ್ 20ಕ್ಕೆ ಅಪ್ಪ ಬಲಗೈ ಎತ್ತಿ ಪ್ರಮಾಣ ಮಾಡಿದರು. ಆ ಕ್ಷಣದಿಂದ ಮಗಳು ಸಿಟಿಜನ್‌ನ ಮದುವೆಯಾಗದ ಮಗಳು. ಎಫ್2ಬಿ ಸಾಲಿನಿಂದ ಎಫ್1 ಸಾಲಿಗೆ ಬಂದಳು, ಟೋಕನ್ ಅದೇ. ಯುಗಾದಿ ಕಳೆದು ಏಪ್ರಿಲ್‌ನಲ್ಲಿ ಮದುವೆ ಆಯಿತು. ಎಫ್1ನಿಂದ ಎಫ್3ಗೆ ಬಂದಳು. ಆಗಲೂ ಟೋಕನ್ 2019ರ ಆಗಸ್ಟ್‌ದೇ. ಸಾಲು ಎರಡು ಸಲ ಬದಲಾಯಿತು, ನಂಬರ್ ಬದಲಾಗಲಿಲ್ಲ.

ಇಲ್ಲಿ ಜನ ಎಡವುವ ಎರಡು ಜಾಗ ಇವೆ. ಒಂದು, ಸಿಟಿಜನ್ ಆಗುವುದು ಪ್ರಮಾಣವಚನದ ದಿನ. ಸಿಟಿಜನ್‌ಶಿಪ್ ಕೇಳಿ ಎನ್-400 ಅರ್ಜಿ ಹಾಕಿದ ದಿನವಲ್ಲ, ಇಂಟರ್‌ವ್ಯೂ ಪಾಸಾದ ದಿನವೂ ಅಲ್ಲ. "ಇಂಟರ್‌ವ್ಯೂ ಆಯ್ತಲ್ಲ, ಇನ್ನೇನು" ಎಂದು ಲಗ್ನಪತ್ರಿಕೆ ಅಚ್ಚಿಗೆ ಕೊಡುವುದು ಅಪಾಯ. ಪ್ರಮಾಣವಚನದ ತಾರೀಖು ಮುಂದಕ್ಕೆ ಹೋಗುವುದೂ ಉಂಟು.

ಎರಡನೆಯದು ಇನ್ನೂ ಸೂಕ್ಷ್ಮ. ಅರ್ಜಿ ಹಾಕಿದವರೇ ಸಿಟಿಜನ್ ಆಗಬೇಕು. ಅರ್ಜಿ ಅಪ್ಪನದು, ಮೊದಲು ಸಿಟಿಜನ್ ಆದದ್ದು ಅಮ್ಮ ಅಂದರೆ ಅಪ್ಪನ ಅರ್ಜಿಗೆ ಅದರಿಂದ ರಕ್ಷಣೆ ಇಲ್ಲ. ಹೀಗಾಗಿಯೇ ಕೆಲವು ಮನೆಗಳಲ್ಲಿ ಅಪ್ಪ ಒಂದು, ಅಮ್ಮ ಒಂದು ಎಂದು ಬೇರೆ ಬೇರೆ ಅರ್ಜಿ ಹಾಕಿರುತ್ತಾರೆ. ಅದಕ್ಕೆ ಅಡ್ಡಿಯಿಲ್ಲ.

## ಮದುವೆ ಆಗಿ ಕಾಯುವುದೋ, ಕಾದು ಮದುವೆಯೋ

ಅಪ್ಪ ಸಿಟಿಜನ್ ಆದ ಮೇಲೆ ಅರ್ಜಿ ಸಾಯುವ ಭಯ ಇಲ್ಲ. ಉಳಿಯುವುದು ವರ್ಷಗಳ ಲೆಕ್ಕ. 2025ರ ಕೊನೆಯ ಹೊತ್ತಿಗೆ ವೀಸಾ ಬುಲೆಟಿನ್‌ನಲ್ಲಿ ಭಾರತದವರ ಎಫ್1 ಮತ್ತು ಎಫ್2ಬಿ ಸಾಲುಗಳು 2016ರ ಅರ್ಜಿಗಳ ಹತ್ತಿರ ಇದ್ದವು. ಎಫ್3 2011ರಲ್ಲಿತ್ತು. ಎಫ್4 2006ರಲ್ಲಿ. ಅಂದರೆ ಮದುವೆಯಾಗದ ಮಗಳಿಗೆ ಸುಮಾರು ಒಂಬತ್ತು ವರ್ಷದ ಸಾಲು, ಮದುವೆಯಾದವಳಿಗೆ ಹದಿನಾಲ್ಕು.

ಆದರೆ ಸಾಲಿನ ಉದ್ದ ಒಂದೇ ನೋಡಿದರೆ ಲೆಕ್ಕ ಪೂರ್ತಿ ಆಗುವುದಿಲ್ಲ. ಎಫ್3ರಲ್ಲಿ ಅಳಿಯನೂ, 21 ತುಂಬದ ಮೊಮ್ಮಕ್ಕಳೂ ಅದೇ ಟೋಕನ್ ಮೇಲೆ ಒಟ್ಟಿಗೆ ಹೋಗುತ್ತಾರೆ. ಎಫ್1ರಲ್ಲಿ ಮಗಳು ಒಬ್ಬಳೇ ಹೋಗಿ, ಗ್ರೀನ್ ಕಾರ್ಡ್ ಪಡೆದು, ಊರಿಗೆ ಬಂದು ಮದುವೆಯಾಗಿ, ಗಂಡನಿಗೆ ಎಫ್2ಎ ಅರ್ಜಿ ಹಾಕಬೇಕು. ಆ ಸಾಲು 2025ರ ಕೊನೆಗೆ 2024ರ ಶುರುವಿನಲ್ಲಿತ್ತು. ಒಟ್ಟು ಕೂಡಿದರೆ ಅದೇ ಬೇಗ ಅನ್ನಿಸಬಹುದು. ಆದರೆ ಸಾಲು ಪ್ರತಿ ತಿಂಗಳು ಒಂದೇ ವೇಗದಲ್ಲಿ ಓಡುವುದಿಲ್ಲ, ಕೆಲವೊಮ್ಮೆ ಹಿಂದಕ್ಕೂ ಜಾರುತ್ತದೆ. 30ರ ಹುಡುಗಿಗೆ "ಇನ್ನೊಂದು ನಾಲ್ಕೈದು ವರ್ಷ ಮದುವೆ ಬೇಡ" ಅನ್ನುವುದು ಕಾಗದದ ಮೇಲೆ ಸಲೀಸು, ಮನೆಯಲ್ಲಿ ಅಲ್ಲ. ಇದನ್ನು ಅವಳೇ ತೀರ್ಮಾನಿಸಬೇಕು.

## ವೀಸಾ ಕೈಲಿದೆ, ವಿಮಾನ ಹತ್ತಿಲ್ಲ

ಅತಿ ದುಬಾರಿ ತಪ್ಪು ಆಗುವುದು ಈ ಹೊತ್ತಿನಲ್ಲಿ. ಮುಂಬೈನ ಕಾನ್ಸುಲೇಟ್‌ನಲ್ಲಿ ಇಂಟರ್‌ವ್ಯೂ ಮುಗಿಯಿತು, ಎಫ್2ಬಿ ವೀಸಾ ಪಾಸ್‌ಪೋರ್ಟ್‌ಗೆ ಬಂತು. ವೀಸಾಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಅವಧಿ. "ಒಂದು ಸಲ ಹೋದರೆ ಮತ್ತೆ ಯಾವಾಗ ಬರುತ್ತಾಳೋ, ಆಷಾಢಕ್ಕೆ ಮುಂಚೆ ಮುಗಿಸಿಬಿಡೋಣ" ಎಂದು ಮನೆಯವರು ಅವಸರದಲ್ಲಿ ತಾಳಿ ಕಟ್ಟಿಸುತ್ತಾರೆ. ಮುಂದಿನ ವಾರ ವಿಮಾನ.

ವೀಸಾ ಕೊಟ್ಟಿದ್ದು ಮದುವೆಯಾಗದ ಮಗಳಿಗೆ. ಇಂಟರ್‌ವ್ಯೂ ದಿನ ಮದುವೆಯಾಗಿರಲಿಲ್ಲ ಎಂದರೆ ಸಾಲದು. ಅಮೆರಿಕದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಒಳಗೆ ಬಿಡುವ ಗಳಿಗೆಯಲ್ಲೂ ಆಗಿರಬಾರದು. ಆ ಮದುವೆಯಾದ ಗಳಿಗೆಯಿಂದ ಅವಳ ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಬರೀ ಕಾಗದ.

ಮುಚ್ಚಿಟ್ಟು ಒಳಗೆ ಹೋದವರಿದ್ದಾರೆ. ಆ ದಿನ ಯಾರೂ ಕೇಳದೇ ಇರಬಹುದು. ಒಂದೆರಡು ವರ್ಷದ ಮೇಲೆ ಅವಳು ಗಂಡನಿಗೆ ಎಫ್2ಎ ಅರ್ಜಿ ಹಾಕುತ್ತಾಳೆ. ಅದರ ಜೊತೆ ಮದುವೆಯ ಸರ್ಟಿಫಿಕೇಟ್ ಇಡಲೇಬೇಕು. ಸರ್ಟಿಫಿಕೇಟ್‌ನಲ್ಲಿ ಮದುವೆಯ ತಾರೀಖು ಇದೆ, ಇಲಾಖೆಯ ಹತ್ತಿರ ಅವಳು ದೇಶದೊಳಗೆ ಬಂದ ತಾರೀಖು ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಅರ್ಧ ನಿಮಿಷ ಸಾಕು. ಆಗ ಗಂಡನ ಅರ್ಜಿ ಬದಿಗೆ ಸರಿದು ಅವಳ ಗ್ರೀನ್ ಕಾರ್ಡೇ ಪ್ರಶ್ನೆಗೆ ಬರುತ್ತದೆ. ದೇಶದಿಂದ ಹೊರಹಾಕುವ ಕ್ರಮ ಶುರುವಾಗಬಹುದು. ಸುಳ್ಳು ಹೇಳಿದ್ದೂ ಸಾಬೀತಾದರೆ ಮುಂದೆ ಅಮೆರಿಕಕ್ಕೆ ಕಾಲಿಡುವುದಕ್ಕೇ ತಡೆ ಬೀಳಬಹುದು. ಸರ್ಟಿಫಿಕೇಟ್‌ನಲ್ಲಿ ಬೇರೆ ತಾರೀಖು ಹಾಕಿಸಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಅದು ಒಂದು ತಪ್ಪನ್ನು ಎರಡು ಮಾಡುವ ದಾರಿ. ಮದುವೆಯ ಆಲ್ಬಮ್ಮು, ಫೇಸ್‌ಬುಕ್ ಫೋಟೊ, ಛತ್ರದ ರಸೀದಿ ಎಲ್ಲದರಲ್ಲೂ ನಿಜವಾದ ತಾರೀಖೇ ಇರುತ್ತದೆ.

ಸರಿಯಾದ ಕ್ರಮ ಸುಲಭದ್ದು. ಮೊದಲು ಹೋಗಿ ಒಳಗೆ ಕಾಲಿಡಿ, ಆಮೇಲೆ ಊರಿಗೆ ಬಂದು ಮದುವೆಯಾಗಿ. ನಡುವೆ ಒಂದು ತಿಂಗಳಿದ್ದರೂ ಸಾಕು.

## ಹಾಗಾದರೆ ಯಾವುದು ಮದುವೆ?

ನಿಶ್ಚಿತಾರ್ಥ ಮದುವೆಯಲ್ಲ. ಉಂಗುರ ಬದಲಾಯಿಸಿಕೊಂಡರೂ, ಐನೂರು ಜನ ಊಟ ಮಾಡಿ ಹೋದರೂ ಅಲ್ಲ.

ಮದುವೆ ಆಗಿದೆಯೋ ಇಲ್ಲವೋ ಎಂದು ಅಮೆರಿಕ ನೋಡುವುದು, ಸಾಮಾನ್ಯವಾಗಿ, ಮದುವೆ ನಡೆದ ಜಾಗದ ಕಾನೂನಿನ ಪ್ರಕಾರ. ಹಿಂದೂ ವಿವಾಹ ಕಾಯ್ದೆ 1955ರಲ್ಲಿ ಗಂಡು ಅಥವಾ ಹೆಣ್ಣಿನ ಕಡೆಯ ಪದ್ಧತಿಯಂತೆ ಶಾಸ್ತ್ರ ನಡೆದರೆ ಮದುವೆ ಆದಂತೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸುವುದು ಆಮೇಲಿನ ಕೆಲಸ. ಹಾಗಾಗಿ "ದೇವಸ್ಥಾನದಲ್ಲಿ ಕಟ್ಟಿಸಿದ್ದೇವೆ ಅಷ್ಟೇ, ರಿಜಿಸ್ಟರ್ ಮಾಡಿಸಿಲ್ಲ" ಅನ್ನುವುದು ರಕ್ಷಣೆ ಅಲ್ಲ. ರಿಜಿಸ್ಟರ್ ಆಗದಿದ್ದರೂ ಅದು ಮದುವೆಯೇ. ವಿಶೇಷ ವಿವಾಹ ಕಾಯ್ದೆ 1954ರಲ್ಲಿ ಆದರೆ ಅಧಿಕಾರಿಯ ಮುಂದೆ ಸಹಿ ಹಾಕಿದಾಗಲೇ ಮದುವೆ. ಛತ್ರದ ಕಾರ್ಯಕ್ರಮ ಆರು ತಿಂಗಳ ಮೇಲೆ ಇಟ್ಟುಕೊಂಡಿದ್ದರೂ ಲೆಕ್ಕಕ್ಕೆ ಬರುವುದು ಸಹಿ ಹಾಕಿದ ದಿನ.

ಇನ್ನೊಂದು ರೂಢಿ ಇದೆ. ವೀಸಾ ಕೆಲಸ ಬೇಗ ಆಗಲಿ ಎಂದು ಶಾಸ್ತ್ರ ನಡೆಯುವ ಮೊದಲೇ ಹಿಂದೂ ವಿವಾಹದ ಸರ್ಟಿಫಿಕೇಟ್ ಮಾಡಿಸಿಟ್ಟುಕೊಳ್ಳುವುದು. 2024ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟ್ ಇದ್ದರೆ ಅದು ಹಿಂದೂ ಮದುವೆ ಆಗುವುದಿಲ್ಲ ಎಂದು ಹೇಳಿತು. ವೀಸಾಗಾಗಿ ಹೀಗೆ ಮೊದಲೇ ನೋಂದಣಿ ಮಾಡಿಸುವ ರೂಢಿಯನ್ನೂ ತೀರ್ಪು ಪ್ರಸ್ತಾಪಿಸಿತು. ಹಾಗಂತ ಕೈಲಿ ಸರ್ಟಿಫಿಕೇಟ್ ಇಟ್ಟುಕೊಂಡು ಫಾರಂನಲ್ಲಿ 'ಮದುವೆಯಾಗಿಲ್ಲ' ಎಂದು ಬರೆಯುವ ಮೊದಲು ವಲಸೆ ವಕೀಲರನ್ನು ಕೇಳಲೇಬೇಕು. ಸರ್ಕಾರಿ ಮುದ್ರೆ ಇರುವ ಕಾಗದವನ್ನು ಅಧಿಕಾರಿ ಸುಲಭಕ್ಕೆ ಪಕ್ಕಕ್ಕೆ ಇಡುವುದಿಲ್ಲ.

## ಡೈವೋರ್ಸ್ ಆದರೆ

ಸಿಟಿಜನ್‌ಗಳ ಮಕ್ಕಳಿಗೆ ಇದು ಸಾಲು ಬದಲಿಸುವ ವಿಷಯ ಮಾತ್ರ. ಎಫ್3ರಲ್ಲಿರುವ ಮಗನಿಗೆ ವಿಚ್ಛೇದನ ಆದರೆ ಎಫ್1ಗೆ ಬರುತ್ತಾನೆ, ಟೋಕನ್ ಹಾಗೇ ಉಳಿಯುತ್ತದೆ. ಸಾಲು ಚಿಕ್ಕದಾಗುತ್ತದೆ ಎಂದು ಕಾಗದದ ಮೇಲೆ ಡೈವೋರ್ಸ್ ಮಾಡಿಕೊಂಡು ಒಂದೇ ಮನೆಯಲ್ಲಿ ಇದ್ದರೆ? ಕೋರ್ಟಿನ ಡಿಕ್ರಿ ನಿಜವಾದದ್ದೇ ಆಗಿದ್ದರೂ ವಲಸೆಗಾಗಿ ಮಾಡಿದ ನಾಟಕ ಎಂದು ಕಂಡರೆ ಇಲಾಖೆ ಅದನ್ನು ಒಪ್ಪುವುದಿಲ್ಲ.

ಗಂಡ ಹೆಂಡತಿಗೆ ಹಾಕಿದ ಅರ್ಜಿಯಲ್ಲಿ, ಗ್ರೀನ್ ಕಾರ್ಡ್ ಬರುವ ಮೊದಲೇ ಮದುವೆ ಮುರಿದರೆ ಅರ್ಜಿಯೂ ಮುರಿದಂತೆ. ಯಾವ ಸಂಬಂಧದ ಮೇಲೆ ಅರ್ಜಿ ನಿಂತಿತ್ತೋ ಅದೇ ಇಲ್ಲವಲ್ಲ.

ನಮ್ಮ ಕಡೆ ಇನ್ನೊಂದು ತೊಡಕು. ಮೊದಲ ಮದುವೆ ಹಿರಿಯರ ಸಮ್ಮುಖದಲ್ಲಿ, ಛಾಪಾ ಕಾಗದದ ಮೇಲೆ ಬರೆದುಕೊಂಡು ಮುಗಿದಿರುತ್ತದೆ. ಕೋರ್ಟಿನ ಡಿಕ್ರಿ ಇರುವುದಿಲ್ಲ. ರೂಢಿಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯಲ್ಲಿ ಜಾಗ ಇದೆ. ಆದರೆ ಆ ರೂಢಿ ತಮ್ಮ ಸಮುದಾಯದಲ್ಲಿ ನಿಜಕ್ಕೂ ಇದೆ ಎಂದು ಸಾಬೀತು ಮಾಡುವ ಹೊಣೆ ಅರ್ಜಿದಾರರದ್ದು. ಸಾಬೀತಾಗದಿದ್ದರೆ ಮೊದಲ ಮದುವೆ ಇನ್ನೂ ಇದ್ದಂತೆ, ಎರಡನೆಯದು ಮದುವೆಯೇ ಅಲ್ಲ, ಅದರ ಮೇಲೆ ನಿಂತ ಅರ್ಜಿಯೂ ಬಿತ್ತು.

## ಗಂಡ ಹೆಂಡತಿ ಅರ್ಜಿ: ಎರಡು ವರ್ಷದ ಕಾರ್ಡು

ಗ್ರೀನ್ ಕಾರ್ಡ್ ಸಿಗುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ಆಗಿರದಿದ್ದರೆ ಮೊದಲು ಬರುವುದು ಎರಡೇ ವರ್ಷದ, ಷರತ್ತಿನ ಕಾರ್ಡು. ಸುಳ್ಳು ಮದುವೆ ತಡೆಯಲು 1986ರಲ್ಲಿ ತಂದ ನಿಯಮ ಇದು. ಕಾರ್ಡಿನ ಅವಧಿ ಮುಗಿಯುವ ಮುಂಚಿನ 90 ದಿನದೊಳಗೆ ಇಬ್ಬರೂ ಸೇರಿ ಐ-751 ಅರ್ಜಿ ಹಾಕಿ ಷರತ್ತು ತೆಗೆಸಬೇಕು. ಅಷ್ಟರಲ್ಲಿ ಡೈವೋರ್ಸ್ ಆಗಿದ್ದರೆ ಒಬ್ಬರೇ ಹಾಕಬಹುದು, ಮದುವೆ ನಿಜವಾದದ್ದಾಗಿತ್ತು ಎಂದು ತೋರಿಸಬೇಕು.

ಊರಿಂದ ಹೊಸದಾಗಿ ಹೋದ ಹೆಣ್ಣುಮಕ್ಕಳು ಒಂದು ಮಾತು ಗೊತ್ತಿಟ್ಟುಕೊಳ್ಳುವುದು ಒಳ್ಳೆಯದು. "ನಿನ್ನ ಕಾರ್ಡು ನನ್ನ ಕೈಯಲ್ಲಿದೆ" ಎಂದು ಹೆದರಿಸಿ ಹೊಡೆಯುವ ಗಂಡನ ಸಹಿ ಬೇಕೇ ಬೇಕು ಅಂತೇನಿಲ್ಲ. ದೌರ್ಜನ್ಯಕ್ಕೆ ಒಳಗಾದವರು ತಾವೇ ಅರ್ಜಿ ಹಾಕಿಕೊಳ್ಳಲು 1994ರ ಕಾನೂನು ದಾರಿ ಮಾಡಿದೆ, ಅದು ಗಂಡಸರಿಗೂ ಅನ್ವಯಿಸುತ್ತದೆ. ಇಲ್ಲೂ ತಾರೀಖು ಮುಖ್ಯ. ದೌರ್ಜನ್ಯದ ಕಾರಣಕ್ಕೆ ಡೈವೋರ್ಸ್ ಆಗಿದ್ದರೆ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು, ಅದು ಮಂಜೂರಾಗುವ ಮೊದಲು ಮರುಮದುವೆ ಆಗಬಾರದು.

ಸಿಟಿಜನ್ ಆಗಿದ್ದ ಗಂಡ ಅಥವಾ ಹೆಂಡತಿ ತೀರಿಕೊಂಡರೆ ಉಳಿದವರು ಎರಡು ವರ್ಷದೊಳಗೆ ತಾವೇ ಅರ್ಜಿ ಹಾಕಬಹುದು. ಮದುವೆಯಾಗಿ ಕನಿಷ್ಠ ಎರಡು ವರ್ಷ ಆಗಿರಲೇಬೇಕು ಅನ್ನುವ ಹಳೇ ಷರತ್ತನ್ನು 2009ರಲ್ಲಿ ತೆಗೆದುಹಾಕಿದರು. ಮತ್ತೆ ಮದುವೆಯಾದರೆ ಈ ಹಕ್ಕು ಹೋಗುತ್ತದೆ.

ಮದುವೆಯ ಮೂಲಕ ಗ್ರೀನ್ ಕಾರ್ಡ್ ಪಡೆದು, ಡೈವೋರ್ಸ್ ಆಗಿ, ಊರಿಗೆ ಬಂದು ಮರುಮದುವೆಯಾದವರಿಗೆ ಇನ್ನೊಂದು ತಡೆ ಇದೆ. ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಗದೆ ಹೊಸ ಸಂಗಾತಿಗೆ ಹಾಕಿದ ಎಫ್2ಎ ಅರ್ಜಿ ಮಂಜೂರಾಗುವುದು ಕಷ್ಟ. ಮೊದಲ ಮದುವೆ ವೀಸಾಗಾಗಿ ಮಾಡಿದ್ದಲ್ಲ ಎಂಬುದಕ್ಕೆ ಗಟ್ಟಿ ಪುರಾವೆ ಕೇಳುತ್ತಾರೆ.

## ಮದುವೆ ಅಡ್ಡ ಬಾರದ ಅರ್ಜಿಗಳು

ಎಫ್4ರಲ್ಲಿ ಅಣ್ಣ ತಮ್ಮ, ಅಕ್ಕ ತಂಗಿಗೆ ಮದುವೆಯಾಗಿದ್ದರೂ ಸರಿ, ಆಗದಿದ್ದರೂ ಸರಿ, ಡೈವೋರ್ಸ್ ಆದರೂ ಸರಿ. ಕಾಯುವಾಗ ಮದುವೆಯಾದರೆ ಸಂಗಾತಿಯನ್ನು ಸೇರಿಸಬಹುದು. ಆದರೆ ಅವರ ಜೊತೆ ಹೋಗಬೇಕಾದ ಮಗ ಅಥವಾ ಮಗಳು ಈ ನಡುವೆ ಮದುವೆಯಾದರೆ ಆ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ.

ಅಪ್ಪ ಅಮ್ಮನಿಗೆ ಹಾಕುವ ಅರ್ಜಿಯಲ್ಲೂ ಅಷ್ಟೇ. ಅಮ್ಮ ವಿಧವೆಯಾಗಿರಲಿ, ಅಪ್ಪ ಬೇರೆ ಇರಲಿ, ಸಂಬಂಧಕ್ಕೆ ಧಕ್ಕೆ ಇಲ್ಲ. ಒಬ್ಬೊಬ್ಬರಿಗೂ ಬೇರೆ ಅರ್ಜಿ ಬೇಕು. ಮಲತಾಯಿ, ಮಲತಂದೆಯಾದರೆ ಆ ಮದುವೆ ಮಗುವಿಗೆ 18 ತುಂಬುವ ಮೊದಲು ಆಗಿರಬೇಕು.

## ಯಾರಿಗೆ, ಯಾವಾಗ ಹೇಳುವುದು

ಮದುವೆ, ಡೈವೋರ್ಸ್, ಸಂಗಾತಿಯ ಸಾವು, ಅರ್ಜಿ ಹಾಕಿದವರು ಸಿಟಿಜನ್ ಆದದ್ದು, ಈ ನಾಲ್ಕರಲ್ಲಿ ಯಾವುದೇ ಆದರೂ ಫೈಲ್ ಯಾವ ಮೇಜಿನ ಮೇಲಿದೆಯೋ ಅಲ್ಲಿಗೆ ತಿಳಿಸಬೇಕು. ಅರ್ಜಿ ಇನ್ನೂ ಮಂಜೂರಾಗಿಲ್ಲ ಅಂದರೆ ಯುಎಸ್‌ಸಿಐಎಸ್‌ಗೆ. ಮಂಜೂರಾಗಿ ಸರದಿಗೆ ಕಾಯುತ್ತಿದ್ದರೆ, ಅಂಥ ಫೈಲ್‌ಗಳನ್ನು ಇಟ್ಟುಕೊಳ್ಳುವ ವಿದೇಶಾಂಗ ಇಲಾಖೆಯ ನ್ಯಾಷನಲ್ ವೀಸಾ ಸೆಂಟರ್‌ಗೆ. ಇಂಟರ್‌ವ್ಯೂಗೆ ಕರೆ ಬಂದಿದ್ದರೆ ಕಾನ್ಸುಲೇಟ್‌ಗೆ. ಜೊತೆಗೆ ಮದುವೆಯ ಸರ್ಟಿಫಿಕೇಟ್, ಡಿಕ್ರಿಯ ದೃಢೀಕೃತ ಪ್ರತಿ, ಸಿಟಿಜನ್‌ಶಿಪ್ ಸರ್ಟಿಫಿಕೇಟಿನ ಪ್ರತಿ, ಯಾವುದು ಬೇಕೋ ಅದು. ಯುಎಸ್‌ಸಿಐಎಸ್‌ಗೆ ಕೊಡುವ ಕನ್ನಡದ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕು, ಅನುವಾದ ಸರಿಯಾಗಿದೆ ಎಂದು ಅನುವಾದಕರ ಸಹಿಯೂ ಇರಬೇಕು.

ಡಿಎಸ್-260 ಎಂಬ ಆನ್‌ಲೈನ್ ವೀಸಾ ಫಾರಂನಲ್ಲಿ ಮದುವೆಯ ಪ್ರಶ್ನೆ ಇದ್ದೇ ಇದೆ. ಇಂಟರ್‌ವ್ಯೂ ದಿನ ಅದನ್ನೇ ಪ್ರಮಾಣ ಮಾಡಿಸಿ ಕೇಳುತ್ತಾರೆ. ಫಾರಂ ತುಂಬಿದ ಮೇಲೆ ಏನಾದರೂ ಬದಲಾಗಿದ್ದರೆ ಆಗಲೇ ಹೇಳಿಬಿಡಬೇಕು.

ದಾವಣಗೆರೆಯವರು ಮದುವೆಯನ್ನು ಯುಗಾದಿ ಆಚೆಗೆ ಹಾಕಿದರು ಅಂದುಕೊಳ್ಳೋಣ. ಛತ್ರದವರು ಅಡ್ವಾನ್ಸ್‌ನಲ್ಲಿ ಸ್ವಲ್ಪ ಹಿಡಿದುಕೊಂಡರು, ಅಜ್ಜಿ ಎರಡು ದಿನ ಮಾತು ಬಿಟ್ಟರು. ಅಪ್ಪ ಪ್ರಮಾಣವಚನ ಮುಗಿಸಿಕೊಂಡು, ಸಿಟಿಜನ್‌ಶಿಪ್ ಸರ್ಟಿಫಿಕೇಟಿನ ಪ್ರತಿಯೊಂದನ್ನು ಮದುವೆ ಸೀರೆಗಳ ಮಧ್ಯೆ ಇಟ್ಟುಕೊಂಡು ಬೆಂಗಳೂರಿಗೆ ಬಂದಿಳಿದರು. ಫೈಲ್‌ನಲ್ಲಿ ಆ ಪ್ರತಿ ಮೊದಲು, ಮದುವೆಯ ಸರ್ಟಿಫಿಕೇಟ್ ಆಮೇಲೆ.